ನಾವುಂದದ ಗುಲಾಬಕ್ಕನ ರಗ್ಗು

ಕೊರೊನಾ ಇಳಿದ ಮೇಲೆ ಬಂದ ಎರಡನೆಯ ಮಳೆಗಾಲ. ಆಗ ನಾನು ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಹಿರಿಯ ವೈದ್ಯೆ. ಮನೆ ಬ್ರಹ್ಮಾವರದಲ್ಲಿ. ಬೆಳಿಗ್ಗೆ ಕಾರಿನಲ್ಲಿ ಬಂದು ಹೊರರೋಗಿಗಳನ್ನು ನೋಡಿ, ವಾರ್ಡಿಗೆ ಒಂದು ಸುತ್ತು ಹಾಕಿದರೆ ಸಂಜೆ ಮತ್ತೆ ಹೊರರೋಗಿಗಳು. ಮಳೆ ಹಿಡಿಯಿತೆಂದರೆ ಮಕ್ಕಳ ವಿಭಾಗ ಸಂತೆಯೇ. ಜ್ವರ, ಕೆಮ್ಮು, ವಾಂತಿಭೇದಿ, ಉಬ್ಬಸ. ಜೊತೆಗೆ ಪ್ರತಿ ಮಗುವಿನ ಹಿಂದೆ ಮೂವರು ದೊಡ್ಡವರು, ಮೂವರದ್ದೂ ಮೂರು ಕತೆ. ನನಗೆ ಕೆಲಸ ಬೇಗ ಆಗಬೇಕು, ಮಾತು ಕಡಿಮೆ ಇರಬೇಕು. ನರ್ಸುಗಳು ಬೆನ್ನ ಹಿಂದೆ ನನ್ನನ್ನು ‘ಒಣಮೆಣಸು’ ಅನ್ನುತ್ತಿದ್ದರು. ಅದು ನನಗೆ ಗೊತ್ತಿತ್ತು, ಒಳಗೊಳಗೇ ಹೆಮ್ಮೆಯೂ ಇತ್ತು. ಈಗ ಆ ಹೆಮ್ಮೆಯನ್ನು ನೆನೆದರೆ ಮೈ ಹಿಡಿಯಾಗುತ್ತದೆ.

ಇನ್ನೊಂದು ಸಂಗತಿಯನ್ನೂ ಮೊದಲೇ ಹೇಳಿಬಿಡಬೇಕು. ಇಲ್ಲವಾದರೆ ನಾನೇಕೆ ಇಷ್ಟು ನಾಚುತ್ತಿದ್ದೇನೆ ಎಂಬುದು ಓದುವವರಿಗೆ ತಿಳಿಯಲಿಕ್ಕಿಲ್ಲ. ಸ್ನಾತಕೋತ್ತರ ಓದಿನಲ್ಲಿ ನಾನು ಬರೆದ ಪ್ರಬಂಧದ ವಿಷಯವೇ ದೀರ್ಘಕಾಲದ ಕಾಯಿಲೆಯಿರುವ ಮಕ್ಕಳಲ್ಲಿ ಆಕ್ಸಿಡೇಟಿವ್ ಸ್ಟ್ರೆಸ್. ನಾವು ಉಸಿರಾಡುವ ಆಮ್ಲಜನಕ ಬದುಕಿಸುವುದು ಹೌದು; ಆದರೆ ದೇಹ ಅದನ್ನು ಬಳಸುವಾಗ ಕೆಲವು ಪುಂಡು ಅಣುಗಳೂ ಹುಟ್ಟುತ್ತವೆ. ಅವು ಸುಮ್ಮನಿರುವುದಿಲ್ಲ, ಸಿಕ್ಕಿದ ಜೀವಕೋಶವನ್ನು ಕೆಡಿಸುತ್ತವೆ. ಅವುಗಳನ್ನು ಅಲ್ಲಲ್ಲೇ ತಣ್ಣಗಾಗಿಸುವ ಕಾವಲು ವ್ಯವಸ್ಥೆಯೊಂದು ದೇಹದೊಳಗೇ ಇದೆ. ಅದಕ್ಕೆ ಆಂಟಿಆಕ್ಸಿಡೆಂಟ್ ಎನ್ನುತ್ತಾರೆ. ಉಬ್ಬಸ, ಥಲಸ್ಸೀಮಿಯಾ, ಮೂತ್ರಪಿಂಡದ ಕಾಯಿಲೆ ಹೀಗೆ ವರ್ಷಗಟ್ಟಲೆ ನರಳುವ ಮಕ್ಕಳಲ್ಲಿ ಕಾವಲು ಸೋಲುತ್ತ ಬರುತ್ತದೆ, ಪುಂಡರ ಕೈ ಮೇಲಾಗುತ್ತದೆ. ಇದೇ ಆಕ್ಸಿಡೇಟಿವ್ ಸ್ಟ್ರೆಸ್.

ಕಡಲ ಬದಿಯ ಜನಕ್ಕೆ ಇದನ್ನು ಹೇಳುವುದು ಸುಲಭ. ಮಳೆಗಾಲದಲ್ಲಿ ಮೀನುಗಾರಿಕೆ ನಿಂತಾಗ ಬೋಟನ್ನು ಮೇಲೆಳೆದು, ತುಕ್ಕು ಕೆರೆದು, ಹೊಸ ಬಣ್ಣ ಹೊಡೆಯುತ್ತಾರೆ. ಒಂದು ವರ್ಷ ಬಿಟ್ಟರೆ ಉಪ್ಪುಗಾಳಿ ಕಬ್ಬಿಣವನ್ನು ತಿನ್ನುತ್ತದೆ. ಮೈಯೊಳಗೆ ಬಣ್ಣ ಹೊಡೆಯುವ ಕೆಲಸ ಪ್ರತಿ ಕ್ಷಣ ನಡೆಯಬೇಕು, ಅಷ್ಟೇ ವ್ಯತ್ಯಾಸ. ಬೈಂದೂರಿನಿಂದ ಬ್ರಹ್ಮಾವರದವರೆಗೆ ಎಷ್ಟೋ ಶಾಲೆಗಳಲ್ಲಿ, ಮಹಿಳಾ ಸಂಘಗಳಲ್ಲಿ ನಾನು ಈ ಬೋಟಿನ ಮಾತು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ವಿಷಯ ಗೊತ್ತಿಲ್ಲದವಳು ತಪ್ಪಿದ್ದರೆ ಹೇಗೋ ಸಮಾಧಾನ ಮಾಡಿಕೊಳ್ಳಬಹುದಿತ್ತು. ನನಗೆ ಆ ದಾರಿಯೂ ಇಲ್ಲ.

ಆ ಮಳೆಗಾಲದ ಒಂದು ಬೆಳಿಗ್ಗೆ ನಾವುಂದದಿಂದ ಒಂದು ಮಗು ಬಂತು. ಹೆಸರು ಮನ್ವಿತ್, ವಯಸ್ಸು ಎರಡೂವರೆ. ತಾಯಿ ಸುಗುಣ, ಅವಳ ಗಂಡ ಮುಂಬಯಿಯ ಹೋಟೆಲೊಂದರಲ್ಲಿ ಅಡುಗೆಯವ. ಸುಗುಣ ಮಗುವಿನ ಜೊತೆ ತಾಯಿಯ ಮನೆಯಲ್ಲೇ ಇದ್ದಳು. ಆ ತಾಯಿಯೇ ಗುಲಾಬಿ, ಊರವರಿಗೆ ಗುಲಾಬಕ್ಕ. ವಯಸ್ಸಿದ್ದಾಗ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಮಾರಿದವಳು. ಮಗುವನ್ನು ಎದೆಗವಚಿಕೊಂಡು ಒಳಗೆ ಬಂದವಳು ಅವಳೇ. ಸುಗುಣ ಹಿಂದೆ ಚೀಲ ಹಿಡಿದುಕೊಂಡಿದ್ದಳು.

ಮಗುವಿನ ಕಣ್ಣು ಹಳದಿಯಾಗಿತ್ತು, ತುಟಿ ಬಿಳಿಚಿತ್ತು, ಎದೆ ಓಡಿಬಂದವರ ಹಾಗೆ ಹೊಡೆದುಕೊಳ್ಳುತ್ತಿತ್ತು. ಮೂತ್ರ ಹಾಲು ಹಾಕದ ಚಹಾದ ಬಣ್ಣದಲ್ಲಿ ಹೋಗುತ್ತಿದೆ ಎಂದು ಸುಗುಣ ಹೇಳಿದಳು. ರಕ್ತದ ಹಿಮೋಗ್ಲೋಬಿನ್ ನೋಡಿಸಿದರೆ 5.6. ಆ ವಯಸ್ಸಿಗೆ 11ರ ಮೇಲಿರಬೇಕಾದದ್ದು. ಇದು ಪಿತ್ತಜನಕಾಂಗದ ಕಾಮಾಲೆ ಅಲ್ಲ, ಕೆಂಪು ರಕ್ತಕಣಗಳು ರಕ್ತನಾಳದೊಳಗೇ ಒಡೆದು ಬರುವ ಕಾಮಾಲೆ ಎಂಬುದು ನನಗೆ ಗೊತ್ತಾಯಿತು. ಅದನ್ನು ಹಿಮೋಲಿಸಿಸ್ ಎನ್ನುತ್ತೇವೆ. ಯಾಕೆ ಒಡೆಯುತ್ತಿವೆ ಎಂಬುದೇ ಪ್ರಶ್ನೆ. ಉತ್ತರ ಗೊತ್ತಾಗದಿದ್ದರೆ ರಕ್ತ ಏರಿಸಿ ಮಗುವನ್ನು ಈ ಸಲ ಉಳಿಸಬಹುದು, ಆದರೆ ಅದು ಮತ್ತೆ ಬರುತ್ತದೆ.

ಆಗ ನರ್ಸು ಮಗುವಿನ ಗಲ್ಲ ತೋರಿಸಿದಳು. ಬಾಯಿಯ ಪಕ್ಕ ಹಸಿರು ಕಲೆ ಒಣಗಿಕೊಂಡಿತ್ತು.

“ಏನು ಕುಡಿಸಿದ್ದೀರಿ?” ಎಂದೆ.

ಗುಲಾಬಕ್ಕ ತಡವರಿಸಿದಳು. “ಕಾಮಾಲೆ ಮದ್ದ್, ಡಾಕ್ಟ್ರೆ. ಸೊಪ್ಪ್ ಅರ್ದ್ ಕೊಟ್ಟದ್ದ್. ಒಂದೇ ಸಲ.”

ನನಗೆ ಬೇಕಾಗಿದ್ದ ಅಪರಾಧಿ ಸಿಕ್ಕಿಬಿಟ್ಟ ಹಾಗಾಯಿತು. ಆ ವಾರವೇ ಹಳ್ಳಿಮದ್ದು ಕುಡಿಸಿ ತಡಮಾಡಿ ಕರೆತಂದ ಇನ್ನೊಂದು ಮಗುವನ್ನು ದೊಡ್ಡಾಸ್ಪತ್ರೆಗೆ ಸಾಗಿಸಿದ್ದೆ. ಆ ಸಿಟ್ಟೂ ಹೊಟ್ಟೆಯಲ್ಲಿತ್ತು. ವಾರ್ಡಿನ ನಡುವೆ ನಿಂತು ಬಾಯಿಗೆ ಬಂದಂತೆ ಅಂದೆ. ಮನೆಯಲ್ಲಿ ನಾನೂ ಕುಂದಾಪ್ರ ಕನ್ನಡವನ್ನೇ ಆಡುವವಳು. ಬೈಯುವಾಗ ಮಾತ್ರ ಪುಸ್ತಕದ ಕನ್ನಡ ಬರುತ್ತದೆ. “ನಿಮ್ಮಂಥವರಿಂದಲೇ ಮಕ್ಕಳು ಸಾಯುವುದು” ಎಂದದ್ದು ನೆನಪಿದೆ. ಇನ್ನೂ ಏನೇನೋ ಅಂದಿರಬೇಕು, ನೆನಪಿಲ್ಲ. ಸುತ್ತಲಿನ ಮಂಚಗಳ ಮೇಲಿನ ತಾಯಂದಿರು ಮಕ್ಕಳನ್ನು ತೊಡೆಯ ಮೇಲೆ ಎಳೆದುಕೊಂಡು ನೋಡುತ್ತಿದ್ದರು.

ಗುಲಾಬಕ್ಕ ಮಗುವನ್ನು ಮಂಚದ ಮೇಲೆ ಮಲಗಿಸಿ ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತಳು. ನಾನು ಹೊರಡುವ ಹೊತ್ತಿಗೆ ಮೆಲ್ಲ ಹತ್ತಿರ ಬಂದು, “ಡಾಕ್ಟ್ರೆ, ಒಂದ್ ಮಾತ್ ಹೇಳುಕಿತ್ತ್. ನನ್ನ ಮಗನೂ...” ಎಂದು ಶುರು ಮಾಡಿದಳು.

“ನಿಮ್ಮ ಕತೆ ಕೇಳಲಿಕ್ಕೆ ನನಗೆ ಪುರುಸೊತ್ತಿಲ್ಲ” ಎಂದು ಮುಂದಿನ ಮಂಚಕ್ಕೆ ಹೋದೆ. ಆ ಮಗನ ಕತೆ ಅಲ್ಲಿಗೇ ನಿಂತಿತು.

ಮಗುವಿಗೆ ರಕ್ತ ಏರಿಸಿದೆವು. ಮರುದಿನ ತುಟಿಗೆ ಬಣ್ಣ ಬಂತು. ಇಂಥ ಹಿಮೋಲಿಸಿಸ್ ಕಂಡಾಗ ಜಿ6ಪಿಡಿ ಎಂಬ ಕಿಣ್ವದ ಪರೀಕ್ಷೆ ಮಾಡಿಸಬೇಕು ಎಂಬುದು ಪಾಠ. ಮಾಡಿಸಿದೆ. ರಕ್ತ ಏರಿಸಿದ ಮರುದಿನವೇ ಮಾದರಿ ಕಳುಹಿಸಿದೆ. ನಾರ್ಮಲ್ ಎಂದು ಬಂತು. ಅಲ್ಲಿಗೆ ಆ ಬಾಗಿಲು ಮುಚ್ಚಿದೆ. ಸೊಪ್ಪಿನ ಮದ್ದಿನಿಂದ ಆದ ತೊಂದರೆ ಎಂದು ಬರೆದು ಮನೆಗೆ ಕಳುಹಿಸಿದೆ. ಮಗು ಮೊದಲು ಹಳದಿಯಾಗಿ ಆಮೇಲೆ ಸೊಪ್ಪು ಕುಡಿಯಿತೋ, ಸೊಪ್ಪು ಕುಡಿದು ಆಮೇಲೆ ಹಳದಿಯಾಯಿತೋ ಎಂದು ಕೂಡ ನಾನು ವಿಚಾರಿಸಲಿಲ್ಲ. ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು. ಕಾಮಾಲೆ ಕಾಣದೆ ಕಾಮಾಲೆ ಮದ್ದು ಯಾರು ಕೊಡುತ್ತಾರೆ.

ಒಂದು ವರ್ಷ ಕಳೆಯಿತು. ಮತ್ತೆ ಮಳೆ ಹಿಡಿದು ಕೆಲವು ವಾರಗಳಾಗಿದ್ದವು. ಮಧ್ಯಾಹ್ನದ ಹೊತ್ತಿಗೆ ಸುಗುಣ ಒಬ್ಬಳೇ ಮಗುವನ್ನು ಹೊತ್ತುಕೊಂಡು ಹೊರರೋಗಿ ಕೋಣೆಗೆ ನುಗ್ಗಿದಳು. ಮಗು ದಪ್ಪನೆಯ ಉಣ್ಣೆಯ ರಗ್ಗಿನಲ್ಲಿತ್ತು, ಹೊರಗೆ ಕಾಣುತ್ತಿದ್ದುದು ಮೂಗು ಮತ್ತು ಹಣೆ ಮಾತ್ರ. ಹಣೆ ಅರಿಸಿನ ಹಚ್ಚಿದ ಹಾಗಿತ್ತು.

ರಗ್ಗನ್ನು ಬಿಡಿಸಿದೆ. ಆ ವಾಸನೆ ಮೂಗಿಗೆ ಹೊಡೆಯಿತು. ನನ್ನ ಅಮ್ಮನ ಕಬ್ಬಿಣದ ಟ್ರಂಕು, ಅದರಲ್ಲಿ ಮದುವೆಯ ಸೀರೆಗಳು, ಸೀರೆಗಳ ನಡುವೆ ಬಿಳಿ ಗುಳಿಗೆಗಳು. ನುಸಿ ಹಿಡಿಯಬಾರದೆಂದು ಬಟ್ಟೆಯ ನಡುವೆ ಇಡುವ ಅದಕ್ಕೆ ನಮ್ಮ ಕಡೆ ಡಾಂಬರ್ ಗುಳಿಗೆ ಅನ್ನುತ್ತಾರೆ. ಮುಂಬಯಿಗೆ ಹೋಗಿಬಂದವರ ಬಾಯಿಂದ ಬಂದ ಮಾತಿರಬೇಕು. ಪುಸ್ತಕದಲ್ಲಿ ಅದರ ಹೆಸರು ನ್ಯಾಫ್ತಲೀನ್. ನನ್ನ ಪ್ರಬಂಧದಲ್ಲಿ ಆ ಹೆಸರಿಗಾಗಿ ಒಂದು ಪುಟವನ್ನೇ ಕೊಟ್ಟಿದ್ದೆ.

ವಿಷಯ ಹೀಗಿದೆ. ಕೆಂಪು ರಕ್ತಕಣದ ಕೆಲಸವೇ ಆಮ್ಲಜನಕ ಹೊರುವುದು, ಹಾಗಾಗಿ ಪುಂಡು ಅಣುಗಳ ಕಾಟ ಅದಕ್ಕೆ ಹೆಚ್ಚು. ಗ್ಲುಟಾಥಿಯೋನ್ ಎಂಬ ಆಂಟಿಆಕ್ಸಿಡೆಂಟ್ ಅದನ್ನು ಕಾಯುತ್ತದೆ. ಆದರೆ ಗ್ಲುಟಾಥಿಯೋನ್ ಒಮ್ಮೆ ದುಡಿದರೆ ಸವೆಯುತ್ತದೆ. ಅದನ್ನು ಮತ್ತೆ ಕೆಲಸಕ್ಕೆ ಅಣಿಮಾಡಬೇಕಾದರೆ ಜಿ6ಪಿಡಿ ಕಿಣ್ವ ಬೇಕು. ಕೆಲವು ಮಕ್ಕಳಿಗೆ ಆ ಕಿಣ್ವ ಹುಟ್ಟಿನಿಂದಲೇ ಕಡಿಮೆ. ಜೀವನಪೂರ್ತಿ ಇರುವ ಕೊರತೆ ಅದು. ಸಾಮಾನ್ಯ ದಿನಗಳಲ್ಲಿ ಮಗು ಎಲ್ಲರ ಹಾಗೇ ಆಡಿಕೊಂಡಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನ್ಯಾಫ್ತಲೀನ್ ಮೈಗೆ ಸೇರಿದರೆ, ಅಥವಾ ಮಲೇರಿಯಾಕ್ಕೆ ಕೊಡುವ ಪ್ರಿಮಾಕ್ವಿನ್‌ನಂಥ ಕೆಲವು ಔಷಧಿ ಕೊಟ್ಟರೆ ಮಾತ್ರ ಪುಂಡರ ದಂಡೇ ಏಳುತ್ತದೆ. ಬಣ್ಣ ಹೊಡೆಯುವವರಿಲ್ಲದ ಬೋಟನ್ನು ಕಡಲಿಗಿಳಿಸಿದ ಹಾಗೆ. ರಕ್ತಕಣಗಳು ಲಕ್ಷಗಟ್ಟಲೆ ಒಡೆಯುತ್ತವೆ, ಒಡೆದ ಚೂರು ಮೂತ್ರಪಿಂಡಕ್ಕೆ ಹೋಗಿ ಕಟ್ಟಿಕೊಳ್ಳುತ್ತದೆ.

ಹಾಗಾದರೆ ಹಿಂದಿನ ವರ್ಷದ ಪರೀಕ್ಷೆ ನಾರ್ಮಲ್ ಬಂದದ್ದು ಹೇಗೆ? ಮಗುವಿನ ಮಣಿಕಟ್ಟು ಹಿಡಿದು ನಿಂತವಳಿಗೆ ಉತ್ತರವೂ ಆಗಲೇ ಹೊಳೆಯಿತು, ಕಿವಿ ಬಿಸಿಯಾಯಿತು. ಕೊರತೆಯಿದ್ದ ಕಣಗಳೆಲ್ಲ ಆಗಲೇ ಒಡೆದುಹೋಗಿದ್ದವು. ನಾನು ಪರೀಕ್ಷೆಗೆ ಕಳುಹಿಸಿದ್ದು ಬಹುಮಟ್ಟಿಗೆ ರಕ್ತ ದಾನ ಮಾಡಿದ ಯಾರೋ ಗಟ್ಟಿಮುಟ್ಟು ಮನುಷ್ಯನ ರಕ್ತವನ್ನು. ರಕ್ತ ಏರಿಸುವ ಮೊದಲೇ ಮಾದರಿ ತೆಗೆದಿಡಬೇಕು, ಆಗಲೂ ಸಂಶಯ ಉಳಿದರೆ ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡಬೇಕು. ಇದನ್ನು ನಾನು ಕಿರಿಯ ವೈದ್ಯರಿಗೆ ಪಾಠ ಮಾಡುತ್ತಿದ್ದೆ.

ಈ ಸಲ ಮೊದಲು ಮಾದರಿ ತೆಗೆದಿಟ್ಟು ರಕ್ತಕ್ಕೆ ಹೇಳಿಕಳುಹಿಸಿದೆ. ಹಿಮೋಗ್ಲೋಬಿನ್ 3.8 ಇತ್ತು. ಬೆಳಿಗ್ಗೆಯಿಂದ ಮಗು ಒಂದೇ ಸಲ ಸ್ವಲ್ಪ ಮೂತ್ರ ಮಾಡಿದೆ, ಅದೂ ಕಪ್ಪು ಎಂದಳು ಸುಗುಣ.

“ಈ ರಗ್ ಎಲ್ಲಿದ್, ಸುಗುಣ?”

“ಅಮ್ಮನ ಟ್ರಂಕಂದ್. ಮಗೀನ್ ಅಪ್ಪ ಬೊಂಬಾಯಿಂದ ತಂದ್ ಕೊಟ್ಟದ್ದ್. ಮಳಿ ಹಿಡ್ದಾಗ್ಳಿಂದ ಇದ್ನೇ ಹೊದ್ಸೂದ್.”

“ಹೋದ ವರ್ಷ?”

“ಹೋದ್ ವರ್ಷ ಸ್ವೆಟರ್ ಹಾಕಿತ್ತ್, ಅದೂ ಅದೇ ಟ್ರಂಕಂದ್. ಆಗ ರಗ್ ಬೇಕಾಯ್ಲಿಲ್ಲೆ. ಮಗು ಅಮ್ಮನ ಸೀರಿಯೊಳ್ಗೇ ಮನಿಕಂತಿತ್ತ್. ಈಗ ಅಮ್ಮ ಹತ್ರ ಮನ್ಸ್ಕಂಬುದಿಲ್ಲೆ. ಚಳಿ ಆಪುದ್ ಬ್ಯಾಡ ಅಂದೇಳಿ ರಗ್ ಕೊಟ್ಟದ್ದ್.”

ಅಜ್ಜಿ ಯಾಕೆ ಹತ್ತಿರ ಮಲಗಿಸಿಕೊಳ್ಳುವುದಿಲ್ಲ ಎಂದು ನಾನು ಆಗ ಕೇಳಲಿಲ್ಲ. ಮುನಿಸು ಇರಬಹುದು, ಸೊಂಟನೋವು ಇರಬಹುದು ಅಂದುಕೊಂಡೆ. “ಅಮ್ಮ ಬರ್ಲಿಲ್ಯಾ?” ಎಂದಷ್ಟೇ ಕೇಳಿದೆ.

ಸುಗುಣ ನೆಲ ನೋಡಿದಳು. “ಬಂದಿದ್ರ್. ಗೇಟಿನ್ ಹತ್ರ ನಿಂತಿದ್ರ್. ಒಳಗ್ ಬಪ್ಪುದಿಲ್ಲೆ ಅಂದ್ರ್.”

ನನಗೆ ಆಗ ಎರಡು ವಿಷಯ ಬೇಕಾಗಿತ್ತು. ಆ ಟ್ರಂಕಿನಲ್ಲಿ ಏನಿದೆ, ಎಷ್ಟಿದೆ. ಮಗು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡಿರಬಹುದೇ. ಮತ್ತೆ, ಹಿಂದಿನ ವರ್ಷ ನಾನು ಕತ್ತರಿಸಿದ ಆ ‘ನನ್ನ ಮಗನೂ’ ಎಂಬ ಮಾತಿನ ಮುಂದೇನಿತ್ತು. ಎರಡೂ ಗೊತ್ತಿದ್ದದ್ದು ಗೇಟಿನ ಹತ್ತಿರ ನಿಂತವಳಿಗೆ. ನರ್ಸಿಗೆ ಮಗುವನ್ನು ಒಪ್ಪಿಸಿ, ಕೊಡೆ ತೆಗೆದುಕೊಂಡು ಹೊರಗೆ ಹೋದೆ.

ಗುಲಾಬಕ್ಕ ಸೆಕ್ಯೂರಿಟಿಯವನ ತಗಡಿನ ಮಾಡಿನ ಕೆಳಗೆ ಅರ್ಧ ಒದ್ದೆಯಾಗಿ ನಿಂತಿದ್ದಳು. ನನ್ನನ್ನು ಕಂಡದ್ದೇ ಇನ್ನೂ ಹಿಂದೆ ಸರಿದಳು, ಪೂರ್ತಿ ಮಳೆಗೇ ಬಂದಳು.

“ಗುಲಾಬಕ್ಕ, ಟ್ರಂಕಿನಲ್ಲಿ ಡಾಂಬರ್ ಗುಳಿಗೆ ಹಾಕ್ತೀರಾ?”

“ನಾನೆಂತ ಕೊಡ್ಲಿಲ್ಲೆ, ಡಾಕ್ಟ್ರೆ. ಈ ಸಲ ಮದ್ದೂ ಕೊಡ್ಲಿಲ್ಲೆ. ಸುಗುಣನ್ ಹತ್ರ ಕೇಣಿ.”

“ಕೊಟ್ಟದ್ದಲ್ಲ. ಟ್ರಂಕಿನಲ್ಲಿ...”

“ನಂಗೆಂತ ಗೊತ್ತಿಲ್ಲೆ.”

ನಾನು ಏನು ಕೇಳಿದರೂ ಅದೇ ಉತ್ತರ. ಗೊತ್ತಿಲ್ಲೆ, ಕೊಡ್ಲಿಲ್ಲೆ, ನಾನಲ್ಲ. ಪೊಲೀಸರ ಮುಂದೆ ನಿಂತವರು ಹೀಗೆ ಮಾತಾಡುತ್ತಾರೆ. ಒಳಗೆ ಮಗುವಿನ ಮೂತ್ರಪಿಂಡ ನಿಲ್ಲುವುದರಲ್ಲಿತ್ತು, ಹೊರಗೆ ನನಗೆ ಬೇಕಾದ ಉತ್ತರವಿದ್ದ ಹೆಂಗಸು ಹೆದರಿ ಬಾಯಿ ಹೊಲಿದುಕೊಂಡು ನಿಂತಿದ್ದಳು. ಹೊಲಿದವಳು ನಾನೇ. ಅಷ್ಟು ನಾಚಿಕೆ ನನಗೆ ಜೀವಮಾನದಲ್ಲಿ ಆದದ್ದಿಲ್ಲ. ಸೆಕ್ಯೂರಿಟಿಯವನು ಬೇರೆ ನೋಡುತ್ತಿದ್ದ.

ಕೊಡೆಯನ್ನು ಅವಳ ಮೇಲೆ ಹಿಡಿದೆ. ಪುಸ್ತಕದ ಕನ್ನಡ ಬಿಟ್ಟೆ. “ಗುಲಾಬಕ್ಕ, ನಾನ್ ಬೈಯುಕ್ ಬಂದದ್ದಲ್ಲ. ಹೋದ್ ವರ್ಷ ನೀವ್ ನಿಮ್ಮ ಮಗನ್ ವಿಷ್ಯ ಎಂತದೋ ಹೇಳುಕ್ ಬಂದಿದ್ರಿ. ನಾನ್ ಕೇಣ್ಲಿಲ್ಲೆ. ನಂದೇ ತಪ್ಪ್. ಈಗ ಹೇಳಿ, ನಾನ್ ಇಲ್ಲೇ ನಿಂತ್ಕಂಡ್ ಕೇಣ್ತೆ.”

ಅವಳು ಕೊಡೆಯೊಳಗೆ ಒಂದು ಹೆಜ್ಜೆ ಬಂದಳು. ಆಮೇಲೆ ಹೇಳಿದಳು.

“ಸುಗುಣಂಗಿಂತ ಮೊದ್ಲ್ ಒಬ್ಬ ಹೈದ ಇದ್ದಿದ್ದ. ಮೂರ್ ವರ್ಷ. ಹೀಂಗೇ ಮಳ್ಗಾಲ. ಕಣ್ಣ್ ಹಳ್ದಿ ಆಯ್ತ್, ಉಚ್ಚಿ ಕಪ್ಪ್ ಬಂತ್. ಕಾಮಾಲೆ ಮದ್ದ್ ತಕಂಡ್ ಬಪ್ಪುದ್ರೊಳ್ಗ್ ಹೋದ. ನನ್ನ ಅಮ್ಮನ ಅಣ್ಣನೂ ಸಣ್ಣ ಪ್ರಾಯದಗೆ ಹಾಂಗೇ ಹೋದದ್ದ್ ಅಂಬ್ರ್. ನಮ್ಮ ಬಳಿಯಗೆ ಗಂಡ್ ಮಕ್ಳ್ ನಿಲ್ಲುದಿಲ್ಲೆ ಅಂದೇಳಿ ಎಲ್ರೂ ಹೇಂತ್ರ್.”

ಬಳಿ ಎಂದರೆ ಕುಲ. ನಮ್ಮ ಕರಾವಳಿಯ ಅವಳಂಥ ಮನೆಗಳಲ್ಲಿ ಬಳಿ ಬರುವುದು ತಾಯಿಯ ಕಡೆಯಿಂದ. ಅಜ್ಜಿಯದ್ದು ತಾಯಿಗೆ, ತಾಯಿಯದ್ದು ಮಕ್ಕಳಿಗೆ. ಜಿ6ಪಿಡಿ ಕೊರತೆ ಇಳಿದುಬರುವುದೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿ. ಹೆಂಗಸರು ಅದನ್ನು ಹೊತ್ತಿರುತ್ತಾರೆ, ಸಾಮಾನ್ಯವಾಗಿ ಅವರಿಗೇನೂ ಆಗುವುದಿಲ್ಲ. ಅವರ ಗಂಡುಮಕ್ಕಳಲ್ಲಿ ಅದು ಹೊರಬೀಳುತ್ತದೆ. ‘ನಮ್ಮ ಬಳಿಯಲ್ಲಿ ಗಂಡುಮಕ್ಕಳು ನಿಲ್ಲುವುದಿಲ್ಲ’ ಎಂಬ ಒಂದು ವಾಕ್ಯ ಹಿಂದಿನ ವರ್ಷವೇ ನನ್ನ ಕಿವಿಗೆ ಬಿದ್ದಿದ್ದರೆ ಯಾವ ಪರೀಕ್ಷೆಯ ನಾರ್ಮಲ್ಲನ್ನೂ ನಾನು ನಂಬುತ್ತಿರಲಿಲ್ಲ. ಅವಳು ಅದನ್ನು ಹೇಳಲಿಕ್ಕೆಂದೇ ಬಂದಿದ್ದಳು. ಮಗನನ್ನು ಕಳೆದುಕೊಂಡವಳಿಗೆ ನಾನು, ನಿಮ್ಮಂಥವರಿಂದಲೇ ಮಕ್ಕಳು ಸಾಯುವುದು ಎಂದಿದ್ದೆ.

ಟ್ರಂಕಿನ ವಿಷಯವೂ ಬಂತು. ಕಡಲ ಬದಿಯ ಮನೆ, ಮಳೆಗಾಲದಲ್ಲಿ ಎಲ್ಲವೂ ಮುಗ್ಗಲು ಹಿಡಿಯುತ್ತದೆ. ಗುಲಾಬಕ್ಕ ಡಾಂಬರ್ ಗುಳಿಗೆಯನ್ನು ಇಡಿಯಾಗಿ ಇಡುತ್ತಿರಲಿಲ್ಲ. ಕುಟ್ಟಿ ಪುಡಿ ಮಾಡಿ ರಗ್ಗಿನ ಮಡಿಕೆ ಮಡಿಕೆಗೂ ಉದುರಿಸುತ್ತಿದ್ದಳು. ಚೆನ್ನಾಗಿರಲಿ ಎಂದು ಈ ವರ್ಷ ಸ್ವಲ್ಪ ಹೆಚ್ಚೇ ಹಾಕಿದ್ದಳಂತೆ. ಬಿಸಿಲಿಲ್ಲದ ದಿನಗಳು, ಒಣಗಿಸದೆ ಹಾಗೇ ಕೊಡವಿ ಹೊದೆಸಿದ್ದು. ಮಗುವಿಗೆ ರಗ್ಗಿನ ಅಂಚನ್ನು ಬಾಯಲ್ಲಿಟ್ಟು ಚೀಪುತ್ತ ನಿದ್ದೆಹೋಗುವ ಅಭ್ಯಾಸ. ಹಿಂದಿನ ವರ್ಷ ಸ್ವೆಟರಿನಿಂದ ಆದದ್ದಕ್ಕೂ ಈ ವರ್ಷ ಆದದ್ದಕ್ಕೂ ಯಾಕಿಷ್ಟು ವ್ಯತ್ಯಾಸ ಎಂಬುದು ಈಗ ತಿಳಿಯಿತು.

ಹೇಳಿ ಮುಗಿಸಿದವಳು ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡಳು. “ಹಾಂಗಾರೆ ನಾನೇ ಅಲ್ದಾ ಮಾಡದ್ದ್?”

“ಅಲ್ಲ” ಎಂದೆ. ಅಷ್ಟೇ ಹೇಳಲಾಯಿತು. ಒಳಗಿನಿಂದ ನರ್ಸು ಕರೆಯುತ್ತಿದ್ದಳು.

ಆ ಸಂಜೆ ರಕ್ತ ಏರಿಸುತ್ತಲೇ ಮಗುವನ್ನು ಆಂಬ್ಯುಲೆನ್ಸಿನಲ್ಲಿ ಉಡುಪಿ ಕಡೆಯ ದೊಡ್ಡ ಆಸ್ಪತ್ರೆಗೆ ಕಳುಹಿಸಿದೆ. ನಾನೂ ಜೊತೆಗೆ ಹೋದೆ. ಬ್ರಹ್ಮಾವರದಲ್ಲಿ ನಮ್ಮ ಮನೆಯ ತಿರುವು ದಾಟುವಾಗ ಮಗು ಕಣ್ಣು ಬಿಟ್ಟು ತಾಯಿಯನ್ನಲ್ಲ, ‘ಅಜ್ಜಿ’ ಎಂದು ಕರೆಯಿತು. ಗುಲಾಬಕ್ಕ ಆಂಬ್ಯುಲೆನ್ಸ್ ಹತ್ತಿರಲಿಲ್ಲ. ಹತ್ತಿ ಎಂದು ನಾನು ಹೇಳಿದ್ದೆ. ಬೇಡ, ಬಸ್ಸಿನಲ್ಲಿ ಬರುತ್ತೇನೆ ಎಂದಿದ್ದಳು.

ಅಲ್ಲಿನ ರಕ್ತರೋಗ ತಜ್ಞ ನನ್ನ ಸಹಪಾಠಿ. ಹಿಂದಿನ ವರ್ಷದ ಕಾಗದ ನೋಡಿ ಕನ್ನಡಕ ಮೇಲೆತ್ತಿದ. “ರಕ್ತ ಏರಿಸಿದ ಮೇಲೆ ಕಳಿಸಿದ್ದಾ? ನೀನು? ಈ ವಿಷಯದಲ್ಲಿ ಥೀಸಿಸ್ ಬರೆದವಳು?” ಎಂದ. ಅವನು ತಮಾಷೆಗೆ ಹೇಳಿದ್ದು, ಪಕ್ಕದಲ್ಲಿದ್ದ ಕಿರಿಯರು ನಕ್ಕರು. ನಾನೂ ನಗಲಿಕ್ಕೆ ನೋಡಿದೆ, ಆಗಲಿಲ್ಲ.

ಮಗುವಿನ ಮೂತ್ರಪಿಂಡ ಕೆಲವು ದಿನ ಮುಷ್ಕರ ಹೂಡಿ, ಆಮೇಲೆ ಮೆಲ್ಲಗೆ ಕೆಲಸಕ್ಕೆ ಬಂತು. ಡಯಾಲಿಸಿಸ್ ಬೇಕಾಗಬಹುದು ಎಂದು ಎಲ್ಲ ಸಿದ್ಧ ಮಾಡಿಟ್ಟಿದ್ದರು, ಬೇಕಾಗಲಿಲ್ಲ. ತೆಗೆದಿಟ್ಟ ಮಾದರಿಯಲ್ಲಿ ಕಿಣ್ವ ಕಡಿಮೆಯಿತ್ತು. ಮೂರು ತಿಂಗಳ ಮೇಲೆ, ಏರಿಸಿದ ರಕ್ತವೆಲ್ಲ ಸವೆದು ಮಗುವಿನ ಸ್ವಂತ ರಕ್ತವೇ ಉಳಿದಾಗ ನೋಡಿದರೆ ಇನ್ನೂ ಕಡಿಮೆ, ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನಬೇಕು.

ಆ ವರದಿ ತೆಗೆದುಕೊಂಡು ಹೋಗಲು ಬಂದ ಸುಗುಣ ಒಂದು ಪ್ರಶ್ನೆ ಕೇಳಿದಳು. “ಡಾಕ್ಟ್ರೆ, ನೀವ್ ಬೈಂದೂರಗೆ ಸಂಘದ ಮೀಟಿಂಗಿಗೆ ಬಂದಾಗ ಬೋಟಿನ್ ಕತಿ ಹೇಳಿದ್ರಿ. ಆಂಟಿಆಕ್ಸಿಡೆಂಟ್ ಅಂದೇಳಿ. ನಾನೂ ಇದ್ದಿದ್ದೆ. ಅದ್ರ ಟಾನಿಕ್ ಕೊಟ್ರೆ ಮಗೀಗ್ ಸಮ ಆತ್ತಾ?”

ಆ ಚಪ್ಪಾಳೆಗಳ ನಡುವೆ ಇವಳದ್ದೂ ಇತ್ತು ಎಂದು ನನಗೆ ಗೊತ್ತಿರಲಿಲ್ಲ. ಇಲ್ಲ ಎಂದೆ. ಟಾನಿಕ್ಕಿನಿಂದ ಈ ಕೊರತೆ ತುಂಬುವುದಿಲ್ಲ. ವಿಟಮಿನ್ ಸಿ ಅತಿಯಾಗಿ ಕೊಟ್ಟರಂತೂ ಇಂಥ ಮಗುವಿಗೆ ಅದೇ ತಿರುಗಿ ಬೀಳಬಹುದು. ಮನೆಯ ಊಟ, ಮೀನು, ತರಕಾರಿ, ಎಲ್ಲರ ಹಾಗೆ ಆಟ. ಕೊಡಬಾರದ ಔಷಧಿಗಳ ಹೆಸರು ಬರೆದ ಚೀಟಿ ಯಾವಾಗಲೂ ಜೊತೆಗಿರಬೇಕು. ಡಾಂಬರ್ ಗುಳಿಗೆ ಮನೆಯಲ್ಲಿರಬಾರದು. ಇಷ್ಟೇ ಚಿಕಿತ್ಸೆ. ಇಷ್ಟನ್ನು ಒಂದು ವರ್ಷ ಮೊದಲೇ ಹೇಳಬಹುದಿತ್ತು ಎಂಬುದನ್ನೂ ಅವಳಿಗೆ ಹೇಳಿದೆ. ಅವಳು ಚೀಟಿಯನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಆ ಭಾನುವಾರ ನಾನು ನಾವುಂದಕ್ಕೆ ಹೋದೆ. ಮಳೆ ಬಿಟ್ಟಿತ್ತು. ಮರವಂತೆಯಲ್ಲಿ ಒಂದು ಬದಿಗೆ ಹೊಳೆ, ಒಂದು ಬದಿಗೆ ಕಡಲು. ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಒಂದೊಂದೇ ವಾಕ್ಯ ಜೋಡಿಸಿದೆ, ಯಾವುದೂ ಸರಿಯಾಗಲಿಲ್ಲ. ಮನೆ ಹುಡುಕಿ ಹೋದಾಗ ಗುಲಾಬಕ್ಕ ಅಂಗಳದಲ್ಲಿ ತೆಂಗಿನ ಮಡಲು ನೇಯುತ್ತಿದ್ದಳು. ಟ್ರಂಕು ಜಗಲಿಯಲ್ಲಿ ಬಾಯಿ ತೆರೆದು ಬಿಸಿಲಿಗೆ ಬಿದ್ದಿತ್ತು, ಖಾಲಿ. ಆ ರಗ್ಗನ್ನು ಸುಟ್ಟುಹಾಕಿದೆ ಎಂದಳು. ನನಗೆ ಕೂರಲು ಕುರ್ಚಿ ತಂದಿಟ್ಟು, ಬೆಲ್ಲ ನೀರು ತಂದಿಟ್ಟು, ತಾನು ಕಂಬದ ಹತ್ತಿರ ನಿಂತಳು.

ನಾನು ಕುರ್ಚಿ ಬಿಟ್ಟು ಜಗಲಿಯ ಮೇಲೆ ಕುಳಿತೆ. “ನೀವೂ ಕೂಕಣಿ, ಗುಲಾಬಕ್ಕ” ಎಂದೆ. ಹೇಳಬೇಕಾದದ್ದನ್ನು ಹೇಳಿದೆ. ಅಂದು ನಿಮ್ಮ ಮಾತನ್ನು ನಾನು ಕೇಳಿದ್ದರೆ ಮಗುವಿಗೆ ಎರಡನೆಯ ಸಲ ಆಗುತ್ತಿರಲಿಲ್ಲ. ನಿಮ್ಮ ಮಗನದ್ದೂ ಇದೇ ಕೊರತೆ ಇದ್ದಿರಬೇಕು, ಮದ್ದು ತರಲು ತಡವಾದ್ದರಿಂದ ಅವನು ಹೋದದ್ದಲ್ಲ. ಬಳಿಯಿಂದ ಬಂದದ್ದು ಯಾರ ತಪ್ಪೂ ಅಲ್ಲ. ವಾರ್ಡಿನಲ್ಲಿ ಎಲ್ಲರೆದುರು ನಾನು ಆಡಿದ ಮಾತು ಮಾತ್ರ ತಪ್ಪು. ಅವಳು ಸೆರಗಿನ ಅಂಚನ್ನು ಸುತ್ತುತ್ತ, ಬಿಚ್ಚುತ್ತ ಕೇಳಿದಳು.

ಮನ್ವಿತ್ ಅಂಗಳದಲ್ಲಿ ಕೋಳಿ ಅಟ್ಟುತ್ತಿದ್ದ. ಎಡವಿ ಬಿದ್ದ, ಅಳುತ್ತ ಎದ್ದ. ಅವನಿಗೆ ಹತ್ತಿರ ಇದ್ದವಳು ಗುಲಾಬಕ್ಕ. ಅವಳು ಥಟ್ಟನೆ ಎದ್ದು ಎರಡು ಕೈ ಮುಂದೆ ಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು. “ಸುಗುಣ, ಮಗು ಬಿತ್ತ್ ಕಾಣ್” ಎಂದು ಒಳಗೆ ಕೂಗಿದಳು.

“ನೀವೇ ಎತ್ಕಣಿ” ಎಂದೆ.

ಅವಳು ನನ್ನ ಕಡೆ ತಿರುಗಿದಳು. “ಈಗ ಎತ್ಕಣ್ಲಕ್ಕಾ, ಡಾಕ್ಟ್ರೆ?”

ನನಗೆ ಅರ್ಥವಾಗಲಿಲ್ಲ.

“ನೀವ್ ಹೇಳಿದ್ರಲ್ದಾ, ಅಂದ್ ಆಸ್ಪತ್ರೆಯಗೆ. ಈ ಮಗು ಬದ್ಕುಕಿದ್ರೆ ಇನ್ನ್ ನೀವ್ ಇದ್ನ ಮುಟ್ಬೇಡಿ ಅಂದೇಳಿ.”

ಹಾಗೆಂದದ್ದು ನನಗೆ ಇಂದಿಗೂ ನೆನಪಿಲ್ಲ. ಎಷ್ಟು ಕೆದಕಿದರೂ ಬರುವುದಿಲ್ಲ. ಬಾಯಿಗೆ ಬಂದಂತೆ ಅಂದೆ ಎಂದು ಮೇಲೆ ಬರೆದೆನಲ್ಲ, ಅದರೊಳಗೆ ಇದೂ ಒಂದು. ನಾನು ಅಂದು ಸಂಜೆಯೊಳಗೆ ಮರೆತ ಮಾತನ್ನು ಅವಳು ಒಂದು ವರ್ಷಕ್ಕೂ ಹೆಚ್ಚು ಕಾಲ, ಡಾಕ್ಟರು ಬರೆದುಕೊಟ್ಟ ಔಷಧಿಯ ಹಾಗೆ, ತಪ್ಪದೆ ಪಾಲಿಸಿದ್ದಳು. ತನ್ನ ಸೀರೆಯೊಳಗೆ ಮಲಗಿಸಿಕೊಳ್ಳುತ್ತಿದ್ದ ಮಗುವನ್ನು ದೂರ ಮಲಗಿಸಿ, ತನ್ನ ಬದಲಿಗೆ ಆ ರಗ್ಗನ್ನು ಕೊಟ್ಟಿದ್ದಳು. ಎರಡನೆಯ ಸಲದ ಕಾಯಿಲೆಗೆ ಕಾರಣ ಡಾಂಬರ್ ಗುಳಿಗೆ ಎಂದು ನನ್ನ ವರದಿಯಲ್ಲಿದೆ. ಪೂರ್ತಿ ಕಾರಣ ಅದಲ್ಲ.

“ಎತ್ಕಣ್ಲಕ್ಕ್” ಎಂದೆ. ಅವಳು ಮಗುವನ್ನು ಎತ್ತಿ ಎದೆಗೊತ್ತಿಕೊಂಡಳು. ಮನ್ವಿತ್ ಅಳು ನಿಲ್ಲಿಸಿ, ಗುರುತಿಲ್ಲದವರ ಕೈಗೆ ಸಿಕ್ಕಿದವನ ಹಾಗೆ ಒಮ್ಮೆ ಅವಳ ಮುಖ ನೋಡಿ, ಕೊಸರಿಕೊಂಡು ಇಳಿದು ಮತ್ತೆ ಕೋಳಿಯ ಹಿಂದೆ ಓಡಿದ. ಅವಳು ಖಾಲಿ ಕೈಯನ್ನು ಸೀರೆಗೆ ಒರೆಸಿಕೊಂಡು, “ಅಡ್ಡಿಲ್ಲೆ. ಅವಂಗ್ ಇನ್ನ್ ರೂಢಿ ಆಯ್ಕಲ್ದಾ” ಎಂದಳು.

ಈಗ ನಾನು ಆ ಆಸ್ಪತ್ರೆಯಲ್ಲಿಲ್ಲ, ಬ್ರಹ್ಮಾವರದ ಮನೆಯಲ್ಲೇ ವಾರಕ್ಕೆ ಕೆಲವು ದಿನ ಮಕ್ಕಳನ್ನು ನೋಡುತ್ತೇನೆ. ಮಗುವಿನ ಜೊತೆ ಬಂದವರಲ್ಲಿ ಅತ್ಯಂತ ಹಿಂದೆ ನಿಂತವರನ್ನು ಮೊದಲು ಕೂರಿಸಿ ಮಾತಾಡಿಸುತ್ತೇನೆ. ಅದು ಒಳ್ಳೆಯತನವಲ್ಲ, ರೋಗ ಪತ್ತೆಯ ಕೆಲಸ. ಹೆದರಿದವರು ವಿಷಯ ಹೇಳುವುದಿಲ್ಲ, ವಿಷಯ ಸಿಗದೆ ರೋಗ ಸಿಗುವುದಿಲ್ಲ. ಔಷಧಿ ಬರೆಯುವಾಗ ಎಷ್ಟು ದಿನ ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂದು ಬರೆಯುವುದು ನಮಗೆ ಅಭ್ಯಾಸ. ಆಡಿದ ಮಾತನ್ನು ಯಾವಾಗ ನಿಲ್ಲಿಸಬೇಕೆಂದು ನಾನು ಯಾರಿಗೂ ಹೇಳಿದ್ದಿಲ್ಲ. ಮೂವತ್ತು ವರ್ಷಗಳಲ್ಲಿ ಇನ್ನೂ ಯಾವ ಯಾವ ಮನೆಗಳಲ್ಲಿ ಯಾರು ಯಾರು ನನ್ನ ಯಾವ ಮಾತನ್ನು ಪಾಲಿಸಿಕೊಂಡು ಕೂತಿದ್ದಾರೋ, ನನಗೆ ಗೊತ್ತಿಲ್ಲ.